ಮಗನನ್ನು ಸೆಂಟರಿಗೆ ಬಿಟ್ಟು ಬರುವ ಮುನ್ನ

ಬಾಣಸವಾಡಿ, ಕಮ್ಮನಹಳ್ಳಿ, ಹೆಣ್ಣೂರು ಕಡೆ ಮನೆ ಮಾಡಿಕೊಂಡಿರುವ ಕರಾವಳಿಯ ಬ್ಯಾರಿಗಳಿಗೆ ಊರಿನಿಂದ ಬರುವ ಫೋನುಗಳು ಹೆಚ್ಚಾಗಿ ಒಂದೇ ತರಹದವು. ಮಗನಿಗೆ ಪಿಜಿ ಬೇಕು, ಮಗಳಿಗೆ ಕಾಲೇಜು ಸೀಟು ಬೇಕು, ಮಾಮನನ್ನು ದೊಡ್ಡ ಡಾಕ್ಟರಿಗೆ ತೋರಿಸಬೇಕು. ಈಗೀಗ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಅದನ್ನು ಕೇಳುವಾಗ ಮಾತ್ರ ಧ್ವನಿ ತಗ್ಗುತ್ತದೆ. "ಅಲ್ಲಿ ಒಳ್ಳೆ ಸೆಂಟರ್ ಯಾವುದಾದ್ರೂ ಉಂಟಾ? ಹುಡುಗನನ್ನು ಒಂದಾರು ತಿಂಗಳು ಇಟ್ಟುಕೊಳ್ಳುವಂಥದ್ದು? ಯಾರಿಗೂ ಹೇಳ್ಬೇಡಿ."

ಹುಡುಗನಿಗೆ ಹದಿನೈದೋ ಹದಿನಾರೋ ವರ್ಷ. ಒಬ್ಬನಿಗೆ ಗಾಂಜಾ, ಇನ್ನೊಬ್ಬನಿಗೆ ಮಾತ್ರೆ, ಮತ್ತೊಬ್ಬ ಕೋಣೆಯ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಕಾಲೇಜಿಗೆ ಹೋಗದವನು, ಕೈ ಕೊಯ್ದುಕೊಂಡವನು, ರಾತ್ರಿಯಿಡೀ ಮೊಬೈಲ್ ಗೇಮಿನಲ್ಲಿ ಮುಳುಗಿ ಉಮ್ಮನ ಮೇಲೆ ಕೈ ಎತ್ತಿದವನು. ಕಾಯಿಲೆ ಬೇರೆ ಬೇರೆ. ಮನೆಯವರು ಹುಡುಕುವ ಪರಿಹಾರ ಮಾತ್ರ ಒಂದೇ: ದೂರದ ಊರು, ಗೋಡೆಯಿರುವ ಕಟ್ಟಡ, ಕೆಲವು ತಿಂಗಳು, ಆಮೇಲೆ "ಸರಿಯಾದ" ಮಗ.

ಇತ್ತೀಚೆಗೆ ಹೀಗೆ ಊರಿನಿಂದ ಬಂದ ಒಂದು ಕುಟುಂಬದೊಂದಿಗೆ ನಾನೂ ಓಡಾಡಿದೆ. ಗುರುತು ಸಿಗದಿರಲೆಂದು ಕೆಲವು ವಿವರ ಬಿಟ್ಟಿದ್ದೇನೆ. ಪ್ರಥಮ ಪಿಯುಸಿಯ ಹುಡುಗ, ತಂದೆ ಗಲ್ಫಿನಲ್ಲಿ. ರಾತ್ರಿ ಬಸ್ಸಿನಲ್ಲಿ ಬಂದವರು ಉಮ್ಮ ಮತ್ತು ಮಾಮ. ಹುಡುಗನನ್ನು ಊರಿನಲ್ಲೇ ಬಿಟ್ಟು ಬಂದಿದ್ದರು, ಮೊದಲು ಜಾಗ ನೋಡಿಕೊಂಡು ಹೋಗಲು. ಪೂರ್ವ ಬೆಂಗಳೂರಿನ ಒಂದು ಒಳರಸ್ತೆಯ ಬಾಡಿಗೆ ಮನೆಯಲ್ಲಿದ್ದ ಸೆಂಟರಿಗೆ ಹೋದೆವು. ಮ್ಯಾನೇಜರ್ ಒಳ್ಳೆಯ ಮಾತಿನವರೇ. "ಮೂರು ತಿಂಗಳು ನೀವು ಬರುವ ಹಾಗಿಲ್ಲ, ಫೋನೂ ಇಲ್ಲ. ಮನೆಯವರ ಧ್ವನಿ ಕೇಳಿದರೆ ಹುಡುಗರು ಅಳುತ್ತಾರೆ, ಟ್ರೀಟ್‌ಮೆಂಟ್ ಹಾಳಾಗುತ್ತದೆ. ಅವನು ಬರುವುದಿಲ್ಲ ಅಂದರೆ ನಾವೇ ಗಾಡಿ ಕಳಿಸಿ ಕರೆಸಿಕೊಳ್ಳುತ್ತೇವೆ. ನಿಮಗೆ ಯಾವ ಟೆನ್ಷನ್ನೂ ಬೇಡ" ಎಂದರು. ಫಾರಂ ಕೊಟ್ಟರು. ಹೆಸರು, ವಿಳಾಸ, ಎಷ್ಟು ತಿಂಗಳು, ಎಷ್ಟು ಹಣ. ಉಮ್ಮ ಫಾರಂ ತಿರುಗಿಸಿ ನೋಡಿ ಕೇಳಿದರು: "ಅವನಿಗೆ ಕತ್ತಲೆ ಅಂದ್ರೆ ಹೆದರಿಕೆ. ಈಗಲೂ ಲೈಟ್ ಹಾಕಿಯೇ ಮಲಗುವುದು. ಅದನ್ನು ಎಲ್ಲಿ ಬರೀಬೇಕು?" ಅದಕ್ಕೆ ಫಾರಮ್ಮಿನಲ್ಲಿ ಜಾಗ ಇರಲಿಲ್ಲ.

ಸಹಿ ಹಾಕದೆ ಹೊರಬಂದೆವು. ಮರುವಾರ ಹುಡುಗನನ್ನೂ ಕರೆದುಕೊಂಡು ಒಂದು ಸರಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಹೋದರು. ಎರಡು ಗಂಟೆ ಮಾತಾಡಿಸಿದ ಮೇಲೆ ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಸೇರಿಸಿಕೊಂಡರೆ ಜೊತೆಗೆ ಯಾರು ಉಳಿಯುತ್ತೀರಿ?"

ಒಂದು ಕಡೆ "ನೀವು ಹೋಗಿ", ಇನ್ನೊಂದು ಕಡೆ "ಯಾರು ಉಳಿಯುತ್ತೀರಿ". ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ನಮ್ಮ ಸಮುದಾಯದ ತಂದೆತಾಯಂದಿರಿಗೆ ಗೊತ್ತಾಗಬೇಕು ಎನ್ನುವುದೇ ಈ ಬರಹದ ಉದ್ದೇಶ.

ಈ ಪ್ರಶ್ನೆ ಈಗ ಯಾಕೆ?

2025ರ ಮಾರ್ಚ್‌ನಲ್ಲಿ ಮಂಗಳೂರಿನ ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ವಿದೇಶಿ ಮಹಿಳೆಯರಿಂದ 37 ಕಿಲೋಗೂ ಹೆಚ್ಚು ಎಂಡಿಎಂಎ ವಶಪಡಿಸಿಕೊಂಡರು. ಅದರ ಮೌಲ್ಯ ಸುಮಾರು 75 ಕೋಟಿ ರೂಪಾಯಿ ಎಂದು ಪೊಲೀಸರು ಹೇಳಿದ್ದರು. ಮಂಗಳೂರಿನ ಪೊಲೀಸರು ಬೆಂಗಳೂರಿಗೆ ಬಂದು ಹಿಡಿಯಬೇಕಾಯಿತು ಎಂಬುದರಲ್ಲೇ ಈ ಎರಡು ನಗರಗಳ ನಡುವಿನ ಮಾದಕವಸ್ತುವಿನ ದಾರಿ ಕಾಣುತ್ತದೆ. ಆಮೇಲೆ ಜುಮಾ ಪ್ರಸಂಗಗಳಲ್ಲಿ, ಮದ್ರಸಗಳಲ್ಲಿ, ಸಂಘಟನೆಗಳ ಅಭಿಯಾನಗಳಲ್ಲಿ ಡ್ರಗ್ಸ್ ವಿರುದ್ಧ ಮಾತು ಜೋರಾಗಿದೆ. ಒಳ್ಳೆಯದೇ. ಆದರೆ ಆ ಮಾತುಗಳೆಲ್ಲ ಇನ್ನೂ ಬೀಳದ ಮಕ್ಕಳಿಗೆ ಹೇಳುವ ಎಚ್ಚರಿಕೆ. ಈಗಾಗಲೇ ಬಿದ್ದ ಮಗುವಿನ ಮನೆಯವರು ಏನು ಮಾಡಬೇಕೆಂದು ಹೇಳುವವರು ಕಡಿಮೆ.

ಡ್ರಗ್ಸ್ ಒಂದೇ ಅಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇದೆ ಎಂದು ಕಂಡುಕೊಂಡಿತು. ನೂರು ಮಕ್ಕಳಿರುವ ಮದ್ರಸದಲ್ಲಿ ಏಳು ಮಂದಿ ಎಂದಿಟ್ಟುಕೊಳ್ಳಿ. ಇವರಲ್ಲಿ ಬಹುಪಾಲು ಮಂದಿಗೆ ಒಳರೋಗಿಯಾಗಿ ಸೇರುವ ಅಗತ್ಯವೇ ಇಲ್ಲ. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬಹುದು. ಸೇರಲೇಬೇಕಾದ ಕೆಲವರ ವಿಷಯದಲ್ಲಿ ನಾವು ತಪ್ಪು ಬಾಗಿಲು ತಟ್ಟುತ್ತಿದ್ದೇವೆಯೇ ಎನ್ನುವುದು ಪ್ರಶ್ನೆ.

ತಪ್ಪು ಬಾಗಿಲಿನ ಹಿಂದೆ ಏನಿರಬಹುದು ಎಂದು 2025ರ ಏಪ್ರಿಲ್‌ನಲ್ಲಿ ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ದೇವೆ. ಬೆಂಗಳೂರಿನ ಹೊರವಲಯದ ನೆಲಮಂಗಲ ಬಳಿಯ ಖಾಸಗಿ ಪುನರ್ವಸತಿ ಕೇಂದ್ರವೊಂದರಲ್ಲಿ ಒಬ್ಬನನ್ನು ಕೋಲಿನಿಂದ ಥಳಿಸುವ ಸಿಸಿಟಿವಿ ದೃಶ್ಯ ಹೊರಬಂದಿತು. ಅವನು ದೊಡ್ಡವನು. ಅಂಥ ಕೋಣೆಯಲ್ಲಿ ಹದಿನಾರರ ಹುಡುಗನಿದ್ದರೆ? ಅವನ ಮನೆಯವರಿಗೆ ಮೂರು ತಿಂಗಳು ಬರಬೇಡಿ ಎಂದು ಹೇಳಿದ್ದರೆ?

ಎಲ್ಲ ಖಾಸಗಿ ಕೇಂದ್ರಗಳೂ ಹೀಗೆ ಎಂದು ಹೇಳುತ್ತಿಲ್ಲ. ನೋಂದಣಿ ಇರುವ, ಮನೋವೈದ್ಯರು ಮತ್ತು ಆಪ್ತಸಮಾಲೋಚಕರು ಇರುವ, ಮನೆಯವರನ್ನು ವಾರವಾರ ಕರೆಸಿ ಕೂರಿಸುವ ಕೇಂದ್ರಗಳೂ ಇದೇ ನಗರದಲ್ಲಿವೆ. ಅವನ್ನು ಬೇರ್ಪಡಿಸಿ ನೋಡಲು ನಮಗೆ ಒಂದು ಅಳತೆಗೋಲು ಬೇಕು. ಆ ಅಳತೆಗೋಲು ಕಾನೂನಿನಲ್ಲೇ ಉಂಟು.

ಕಾನೂನು ಹೇಳುವುದೇನು?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಮದ್ಯ ಮತ್ತು ಮಾದಕವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆಯೋ ಪುನರ್ವಸತಿಯೋ ಕೊಡುವ ಸಂಸ್ಥೆ ನೋಂದಣಿ ಮಾಡಿಸಲೇಬೇಕು. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲಕ್ಕೇ 5 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ. ಬೋರ್ಡಿನ ಮೇಲೆ "ರಿಹ್ಯಾಬ್" ಎಂದಿದೆಯೋ "ಕೌನ್ಸೆಲಿಂಗ್ ಹೋಮ್" ಎಂದಿದೆಯೋ ಎಂಬುದು ಮುಖ್ಯವಲ್ಲ.

ಈ ಕಾಯ್ದೆಯ 87ನೇ ಸೆಕ್ಷನ್ ಹದಿನೆಂಟು ತುಂಬದ ಮಕ್ಕಳದ್ದು. ಅದನ್ನು ನಮ್ಮ ಪ್ರತಿ ಜಮಾಅತ್ ಕಚೇರಿಯಲ್ಲಿ ಗೋಡೆಗೆ ಅಂಟಿಸಬೇಕು. ಸಾರಾಂಶ ಹೀಗೆ. ಮಗುವನ್ನು ಸೇರಿಸಲು ಅರ್ಜಿ ಕೊಡಬೇಕಾದವರು ಅದರ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಸಾಮಾನ್ಯವಾಗಿ ಕಾನೂನುಬದ್ಧ ಪೋಷಕರು. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರೋ ವೈದ್ಯರೋ, ಸೇರಿಸುವ ದಿನ ಅಥವಾ ಅದಕ್ಕೆ ಹಿಂದಿನ ಏಳು ದಿನಗಳೊಳಗೆ ಮಗುವನ್ನು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ಸೇರಿಸದೆ ಬೇರೆ ದಾರಿಯಿಲ್ಲ, ಊರಿನಲ್ಲೇ ಸಿಗುವ ಚಿಕಿತ್ಸೆ ಫಲಿಸಿಲ್ಲ ಅಥವಾ ಸಾಲದು ಎಂದು ಇಬ್ಬರಿಗೂ ಅನಿಸಬೇಕು. ಮಗುವಿನ ಇಷ್ಟವೇನೆಂದೂ ಕೇಳಬೇಕು. ಮಕ್ಕಳನ್ನು ದೊಡ್ಡವರ ಜೊತೆ ಇರಿಸುವಂತಿಲ್ಲ.

ಇನ್ನೊಂದು ಉಪಸೆಕ್ಷನ್ ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಪೋಷಕರು ಅಥವಾ ಅವರು ನೇಮಿಸಿದ ಸಹಾಯಕರು ಚಿಕಿತ್ಸೆಯ ಇಡೀ ಅವಧಿ ಮಗುವಿನ ಜೊತೆ ಸಂಸ್ಥೆಯಲ್ಲೇ ಉಳಿಯಬೇಕು. ಯಾವುದೇ ಪರಿಸ್ಥಿತಿಯಲ್ಲೂ ಎಂದು ಕಾಯ್ದೆ ಒತ್ತಿ ಹೇಳುತ್ತದೆ. ಹೆಣ್ಣುಮಗುವಾಗಿದ್ದು ಪೋಷಕರು ಗಂಡಸಾದರೆ ಮಹಿಳಾ ಸಹಾಯಕಿ ಜೊತೆಗಿರಬೇಕು. ಚಿಕಿತ್ಸೆಗೆ ಪೋಷಕರು ಎಲ್ಲವನ್ನೂ ತಿಳಿದುಕೊಂಡು ಒಪ್ಪಿಗೆ ಕೊಡಬೇಕು. ಅವರು ಬೇಡವೆಂದರೆ ಮಗುವನ್ನು ಬಿಡುಗಡೆ ಮಾಡಬೇಕು. ಸೇರಿಸಿದ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ತಿಳಿಸಬೇಕು. 30 ದಿನ ದಾಟಿದರೆ ಮಂಡಳಿ ತಾನೇ ಪರಿಶೀಲಿಸಬೇಕು.

ಇದನ್ನು ಓದಿಕೊಂಡು ಆ ಮ್ಯಾನೇಜರ್ ಹೇಳಿದ ಮಾತನ್ನು ಇನ್ನೊಮ್ಮೆ ನೆನೆಯಿರಿ. ವೈದ್ಯರು ನೋಡುವ ಮೊದಲೇ ಗಾಡಿ ಕಳಿಸುವುದು, ಮೂರು ತಿಂಗಳು ಮನೆಯವರನ್ನು ದೂರ ಇಡುವುದು, ಹದಿನಾರರ ಹುಡುಗನನ್ನು ನಲವತ್ತರ ಕುಡುಕರ ಜೊತೆ ಮಲಗಿಸುವುದು. ಕಾಯ್ದೆ ಬೇಡವೆಂದದ್ದನ್ನೇ ಅವರು ಸೌಲಭ್ಯ ಎಂಬಂತೆ ಹೇಳುತ್ತಿದ್ದರು.

ಇನ್ನೊಂದು ಮಾತನ್ನೂ ಸೇರಿಸಬೇಕು. ಸಮುದಾಯದ ನೈತಿಕ, ಸಾಮಾಜಿಕ ಅಥವಾ ಧಾರ್ಮಿಕ ನಂಬಿಕೆಗೆ ಹೊಂದಿಕೊಳ್ಳದ ಮಾತ್ರಕ್ಕೆ ಒಬ್ಬರನ್ನು ಮಾನಸಿಕ ಅಸ್ವಸ್ಥರೆಂದು ತೀರ್ಮಾನಿಸುವಂತಿಲ್ಲ ಎಂದು ಕಾಯ್ದೆಯ ಮೂರನೇ ಸೆಕ್ಷನ್ ಹೇಳುತ್ತದೆ. ನಮಾಝ್‌ಗೆ ಬರುವುದಿಲ್ಲ, ಕೂದಲು ಒಂದು ತರಹ ಬಿಟ್ಟಿದ್ದಾನೆ, ಮಗಳು ಯಾರೊಂದಿಗೋ ಮಾತಾಡುತ್ತಾಳೆ ಎಂಬುದಕ್ಕೆಲ್ಲ ಸೆಂಟರ್ ಹುಡುಕುವವರೂ ನಮ್ಮಲ್ಲಿದ್ದಾರೆ. ಅದು ಚಿಕಿತ್ಸೆಯ ವಿಷಯವೇ ಅಲ್ಲ, ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ.

ಜೊತೆಗಿರುವುದು ನಮ್ಮ ದೇಶದ್ದೇ ಪದ್ಧತಿ

ಮನೆಯವರು ಜೊತೆಗಿರಬೇಕು ಎಂಬುದು ಕಾಯ್ದೆ ಮಾಡಿದವರು ಹೊಸದಾಗಿ ಕಂಡುಹಿಡಿದದ್ದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. ಮನೆಯವರು ನೋಡಿಕೊಳ್ಳಲು ಕಲಿತರು, ರೋಗಿಗಳು ಬೇಗ ಮನೆಗೆ ಹೋದರು. ವೆಲ್ಲೂರಿನ ಸಿಎಂಸಿ 1957ರಲ್ಲಿ ಶುರುಮಾಡಿದ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ರೋಗಿಯ ಜೊತೆ ಸಂಬಂಧಿಕರು ಇರುವುದು ಪದ್ಧತಿಯಾಯಿತು. ನಮ್ಮ ನಿಮ್ಹಾನ್ಸ್‌ನಲ್ಲಿ 1970ರ ದಶಕದಲ್ಲಿ ಇಡೀ ಕುಟುಂಬವನ್ನೇ ಚಿಕಿತ್ಸೆಯ ಭಾಗವಾಗಿ ನೋಡುವ ಕುಟುಂಬ ಮನೋವೈದ್ಯಕೀಯ ವಿಭಾಗ ಬೆಳೆಯಿತು. ಇಂದಿಗೂ ಅಲ್ಲಿನ ಮಕ್ಕಳ ಮತ್ತು ಹದಿಹರೆಯದವರ ವಾರ್ಡಿನಲ್ಲಿ ಮಗುವಿನ ಜೊತೆ ಮನೆಯವರು ಇರುತ್ತಾರೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಹೆಸರೂ ಇದೆ. ಮುಸ್ಲಿಮರಾದ ನಾವು ಮರೆಯಬಾರದ ಹೆಸರು: ಏರ್ವಾಡಿ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಸುತ್ತ ಮಾನಸಿಕ ರೋಗಿಗಳನ್ನು ಇರಿಸಿಕೊಳ್ಳುವ ಖಾಸಗಿ ಮನೆಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗಲಿಲ್ಲ. 28 ಮಂದಿ ತೀರಿಕೊಂಡರು. ಅವರ ಮನೆಯವರು ಕೆಟ್ಟವರಾಗಿರಲಿಲ್ಲ. ವಾಸಿಯಾಗಲಿ ಎಂದೇ ಕರೆತಂದು, ದುಆ ಮಾಡಿ, ತಿಂಗಳ ಹಣ ಕಟ್ಟಿ ಊರಿಗೆ ಮರಳಿದವರು. ಹಾಗೆ ಬಿಟ್ಟುಹೋದ ಜಾಗದಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಕಣ್ಣೇ ಇರಲಿಲ್ಲ. ಮನೆಯವರ ಒಂದು ಜೊತೆ ಕಣ್ಣು ಅಲ್ಲಿದ್ದಿದ್ದರೆ ಮೊದಲ ದಿನವೇ ಸರಪಳಿ ಬಿಚ್ಚಿಸುತ್ತಿತ್ತು.

ಶ್ರೀಮಂತ ದೇಶದಲ್ಲೂ ಇದೇ ಕತೆ. ಅಮೆರಿಕದಲ್ಲಿ "ದಾರಿ ತಪ್ಪಿದ" ಹದಿಹರೆಯದವರಿಗೆಂದೇ ದುಬಾರಿ ವಸತಿ ಕೇಂದ್ರಗಳ ಒಂದು ದೊಡ್ಡ ಉದ್ಯಮವಿದೆ. ಹೋಟೆಲ್ ಉದ್ಯಮಿ ಕುಟುಂಬದ ಪ್ಯಾರಿಸ್ ಹಿಲ್ಟನ್ ತಾನು ಹುಡುಗಿಯಾಗಿದ್ದಾಗ ಯೂಟಾ ರಾಜ್ಯದ ಇಂಥ ಕೇಂದ್ರದಲ್ಲಿ ಅನುಭವಿಸಿದ್ದನ್ನು ಬಹಿರಂಗವಾಗಿ ಹೇಳಿದರು. ಅವರೂ ಅವರಂಥ ಹಲವರೂ ಹೋರಾಡಿದ ಫಲವಾಗಿ 2024ರ ಡಿಸೆಂಬರ್‌ನಲ್ಲಿ ಅಲ್ಲಿ ಸಂಸ್ಥೆಗಳಲ್ಲಿನ ಮಕ್ಕಳ ಮೇಲಿನ ದೌರ್ಜನ್ಯ ತಡೆಗೆ ಒಂದು ಕಾನೂನು ಬಂತು. ಕೋಟ್ಯಧಿಪತಿಯ ಮಗಳಿಗೂ ಹಣ ರಕ್ಷಣೆಯಾಗಲಿಲ್ಲ. ಹೆಚ್ಚು ಫೀಸು ಕಟ್ಟಿದರೆ ಒಳ್ಳೆಯ ಆರೈಕೆ ಸಿಗುತ್ತದೆ ಎಂದುಕೊಳ್ಳುವ ನಮ್ಮ ಗಲ್ಫ್ ತಂದೆಯರು ಇದನ್ನು ಗಮನಿಸಬೇಕು.

ಉಳಿದು ಮಾಡುವುದೇನು?

"ಅಲ್ಲಿ ಕೂತು ನಾನೆಂತ ಮಾಡುವುದು? ಡಾಕ್ಟ್ರು ಮಾಡುವುದಲ್ವಾ ಎಲ್ಲ?" ಎಂದು ಆ ಉಮ್ಮನೂ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಕಾವಲು ಕಾಯುವುದು ಅದರ ಒಂದು ಪಾಲು ಮಾತ್ರ.

ಮೊದಲನೆಯದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ನಮ್ಮ ಮನೆಗಳಲ್ಲಿ ಡಾಕ್ಟರ ಮುಂದೆಯೂ ಮರ್ಯಾದೆ ನೋಡುತ್ತೇವೆ. ತಂದೆಯ ಹೊಡೆತ, ಅಣ್ಣನ ಸಾಲ, ಚಿಕ್ಕಂದಿನಲ್ಲಿ ಯಾರೋ ಕೊಟ್ಟ ಕಿರುಕುಳ, ಮನೆಯಲ್ಲಿ ಹಿಂದೆ ನಡೆದ ಆತ್ಮಹತ್ಯೆ, ಇವೆಲ್ಲ ಬಾಯಿಗೆ ಬರುವುದಿಲ್ಲ. ಗಾಂಜಾವನ್ನು "ಸಹವಾಸ ದೋಷ" ಎಂದು ಮುಗಿಸಿಬಿಡುತ್ತೇವೆ. ಕತ್ತಲೆಗೆ ಹೆದರುವ ಹುಡುಗ ಯಾವಾಗಿನಿಂದ ಹೆದರುತ್ತಿದ್ದಾನೆ ಎಂಬುದು ವೈದ್ಯರಿಗೆ ಮುಖ್ಯ. ಅದನ್ನು ಹೇಳಬಲ್ಲವರು ಮನೆಯವರು ಮಾತ್ರ.

ಎರಡನೆಯದು, ತಾವೂ ಕಲಿಯುವುದು. ಒಳ್ಳೆಯ ಕೇಂದ್ರಗಳಲ್ಲಿ ಮಗುವಿನ ಜೊತೆ ನಡೆಯುವ ಮಾತುಕತೆಯಷ್ಟೇ ಸಮಯ ಮನೆಯವರ ಜೊತೆಯೂ ನಡೆಯುತ್ತದೆ. ಕೂಗದೆ ಹೇಳುವುದು ಹೇಗೆ, ಬೇಡ ಎಂದದ್ದನ್ನು ಬೇಡವಾಗಿಯೇ ಉಳಿಸುವುದು ಹೇಗೆ, ಹುಡುಗ ಸಿಟ್ಟಿನಲ್ಲಿದ್ದಾಗ ಸುಮ್ಮನಿರುವುದು ಯಾವಾಗ, ಹಣ ಕೈಗೆ ಕೊಡಬೇಕೇ, ಮಾತ್ರೆ ಯಾರು ಕೊಡಬೇಕು. ತಂದೆ ಸಿಗರೇಟು ಸೇದುತ್ತಾ ಮಗನಿಗೆ ಬುದ್ಧಿ ಹೇಳಿದರೆ ನಾಟುವುದಿಲ್ಲ. ರಾತ್ರಿ ಎರಡು ಗಂಟೆಗೆ ತಾನೇ ರೀಲ್ಸ್ ನೋಡುವ ಮನೆಯಲ್ಲಿ ಮಗನ ಮೊಬೈಲ್ ಮಾತ್ರ ಕಸಿದರೂ ನಡೆಯುವುದಿಲ್ಲ. ಮೊಬೈಲ್ ಮತ್ತು ಇಂಟರ್ನೆಟ್ ಚಟಕ್ಕೆಂದು 2014ರಲ್ಲೇ ನಿಮ್ಹಾನ್ಸ್ ಶುರುಮಾಡಿದ 'ಶಟ್' ಕ್ಲಿನಿಕ್ ಇದೆ. ಅಂಥ ಕಡೆ ಹೋದರೂ ಮನೆಯ ಎಲ್ಲರ ಅಭ್ಯಾಸವನ್ನೇ ಕೇಳುತ್ತಾರೆ.

ಮೂರನೆಯದು, ಮರಳುವ ದಿನಕ್ಕೆ ಸಿದ್ಧತೆ. ಗೋಡೆಯೊಳಗೆ ಹುಡುಗ ಸರಿಯಾಗಿಯೇ ಇರುತ್ತಾನೆ. ಅಲ್ಲಿ ಗಾಂಜಾ ಸಿಗುವುದಿಲ್ಲ, ಹಳೆಯ ಗೆಳೆಯರಿಲ್ಲ, ಪರೀಕ್ಷೆಯಿಲ್ಲ. ಕಷ್ಟ ಶುರುವಾಗುವುದು ಊರಿಗೆ ಇಳಿದ ಮರುದಿನ. ಆರು ತಿಂಗಳು ಮಗ ಬದಲಾಗುತ್ತಿದ್ದಾಗ ಮನೆ ಹಾಗೆಯೇ ಉಳಿದಿದ್ದರೆ, ಆ ಮನೆಗೆ ಬಂದ ಮಗ ಮತ್ತೆ ಹಳೆಯವನಾಗಲು ಹೆಚ್ಚು ದಿನ ಬೇಡ. ಕಾಲೇಜಿಗೆ ಯಾರು ಮಾತಾಡುತ್ತಾರೆ, ಮುಂದಿನ ತಪಾಸಣೆ ಎಲ್ಲಿ, ಮತ್ತೆ ಎಡವಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು ಎಂದು ಬಿಡುಗಡೆಗೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಎಡವುವುದು ಈ ಕಾಯಿಲೆಗಳಲ್ಲಿ ಸಾಮಾನ್ಯ. ಅದಕ್ಕೆ "ಹಣ ಎಲ್ಲ ನೀರಿಗೆ ಹೋಯ್ತು" ಎಂದು ತಲೆ ಮೇಲೆ ಕೈ ಹೊತ್ತು ಕೂರಬಾರದು.

ಜೊತೆಗೆ ಒಂದು ಎಚ್ಚರ. ಜೊತೆಗಿರುವುದೆಂದರೆ ಮಗುವಿನ ಪ್ರತಿ ಮಾತನ್ನೂ ಕೇಳಿಸಿಕೊಳ್ಳುವ ಹಕ್ಕಲ್ಲ. ಆಪ್ತಸಮಾಲೋಚಕರ ಬಳಿ ಅವನು ಒಬ್ಬನೇ ಕೂತು ಮಾತಾಡಬೇಕು. "ಅವನು ಎಂತ ಹೇಳಿದ?" ಎಂದು ಬಾಗಿಲಲ್ಲೇ ಕೇಳಿದರೆ ಮುಂದಿನ ಸಲ ಅವನು ಏನೂ ಹೇಳುವುದಿಲ್ಲ.

ಎದುರು ವಾದಗಳೂ ಇವೆ

ಮನೆಯವರು ಬಂದರೆ ಹುಡುಗರು ಅತ್ತು ಕರೆದು ಮನೆಗೆ ಹೋಗುತ್ತಾರೆ ಎಂಬ ಸೆಂಟರಿನವರ ಮಾತು ಪೂರ್ತಿ ಸುಳ್ಳಲ್ಲ. ಕರಗಿ ಕರೆದುಕೊಂಡು ಹೋಗುವ ಉಮ್ಮಂದಿರು ಇದ್ದಾರೆ. ಕೆಲವೊಮ್ಮೆ ಭೇಟಿಗೆ ಮಿತಿ ಹಾಕುವುದು ಚಿಕಿತ್ಸೆಗೆ ಬೇಕಾಗಬಹುದು. ಆದರೆ ಆ ಮಿತಿ ಯಾಕೆ, ಎಷ್ಟು ದಿನ ಎಂದು ವೈದ್ಯರು ವಿವರಿಸಬೇಕು. ಮನೆಯವರಿಗೆ ಕಲಿಸುವ ಬದಲು ಮನೆಯವರನ್ನೇ ಹೊರಗಿಡುವುದು ಸುಲಭದ ದಾರಿ. ಅದರಿಂದ ಲಾಭ ಯಾರಿಗೆ ಎಂದು ಯೋಚಿಸಿ.

ಮನೆಯವರ ಕಡೆಯಿಂದಲೂ ನೋಡಬೇಕು. ಕೆಲವರಿಗೆ ನಿಜವಾಗಿ ಸಾಕಾಗಿರುತ್ತದೆ. ಮಗನ ಹೊಡೆತ ತಿಂದ ತಾಯಿ, ಅಣ್ಣನಿಗೆ ಹೆದರಿ ಬಾಗಿಲಿಗೆ ಅಗುಳಿ ಹಾಕಿ ಮಲಗುವ ತಂಗಿ. ಅವರಿಗೆ ನೀವೇ ಜೊತೆಗಿರಿ ಎಂದು ಉಪದೇಶ ಮಾಡುವುದು ಕ್ರೌರ್ಯ. ಕಾಯ್ದೆಯೂ ತಾಯಿಯೇ ಇರಬೇಕು ಎನ್ನುವುದಿಲ್ಲ. ಪೋಷಕರು ಇನ್ನೊಬ್ಬರನ್ನು ನೇಮಿಸಬಹುದು. ಬ್ಯಾರಿ ಮನೆಗಳಲ್ಲಿ ಮಾಮನಿಗೆ ಇರುವ ಜಾಗ ಎಲ್ಲರಿಗೂ ಗೊತ್ತು. ಮದುವೆ ಮಾತುಕತೆಗೆ ಮುಂದೆ ಕೂರುವ ಮಾಮ ಆಸ್ಪತ್ರೆಯಲ್ಲಿ ಹತ್ತು ದಿನ ಕೂರಲಿ. ತಂದೆ ಗಲ್ಫಿನಲ್ಲಿದ್ದರೆ ಸಹಿ ಯಾರದ್ದು, ಉಳಿಯುವವರು ಯಾರು ಎಂದು ಬರುವ ಮೊದಲೇ ಆಸ್ಪತ್ರೆಯವರೊಂದಿಗೆ ಮಾತಾಡಿಕೊಳ್ಳಬೇಕು. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಾದರೂ ತಂದೆ ಸಮಾಲೋಚನೆಗೆ ಸೇರಲಿ. ಹಣ ಕಳಿಸಿದರೆ ತನ್ನ ಪಾಲು ಮುಗಿಯಿತು ಎಂದು ತಿಳಿದುಕೊಂಡ ತಂದೆಯ ಮಗನಿಗೆ ಹೆಚ್ಚಾಗಿ ಬೇಕಿರುವುದು ಆ ತಂದೆಯೇ.

ಬಡವರ ಪ್ರಶ್ನೆ ಇನ್ನೂ ಕಷ್ಟದ್ದು. ದಿನಗೂಲಿಯವರು ಮೂರು ವಾರ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಹೇಗೆ ಕೂರುವುದು? ಅದಕ್ಕೆ ಮೊದಲು ಊರಿನಲ್ಲೇ ಸಿಗುವುದನ್ನು ನೋಡಬೇಕು. ಮಂಗಳೂರಿನ ವೆನ್ಲಾಕ್‌ನಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ ಸರಕಾರ ಮಾಡಿದೆ. ಬೆಂಗಳೂರಿನ ಈ ಭಾಗದವರಿಗೆ ಶಿವಾಜಿನಗರದ ಬೌರಿಂಗ್ ಹತ್ತಿರ. ಯಾರಿಗೂ ತಿಳಿಯದ ಹಾಗೆ ಮೊದಲ ಮಾತು ಆಡಬೇಕೆಂದರೆ 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಪೊಲೀಸ್ ಕೇಸಿನ ಹೆದರಿಕೆಯಿಂದ ಅಡಗಿಸುವವರಿಗೆ ಇನ್ನೊಂದು ಮಾತು: ಸಣ್ಣ ಪ್ರಮಾಣದ ಮಾದಕವಸ್ತು ಪ್ರಕರಣದಲ್ಲಿರುವ ವ್ಯಸನಿ ತಾನಾಗಿ ಬಂದು ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರೈಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. ವಕೀಲರ ಬಳಿ ವಿಚಾರಿಸಿ.

ಮನೆಯೇ ಮಗುವಿನ ಗಾಯಕ್ಕೆ ಕಾರಣವಾದ ಪ್ರಕರಣಗಳೂ ಇರುತ್ತವೆ. ಅಲ್ಲಿ ಆ ಪೋಷಕರನ್ನೇ ಪಕ್ಕದಲ್ಲಿ ಕೂರಿಸುವುದು ಅಪಾಯ. ಪೋಷಕರು ಮಗುವಿನ ಹಿತಕ್ಕೆ ತಕ್ಕಂತೆ ನಡೆಯುತ್ತಿಲ್ಲ ಎಂದು ಕಂಡರೆ ಮಂಡಳಿ ಬೇರೆಯವರನ್ನು ಪ್ರತಿನಿಧಿಯಾಗಿ ನೇಮಿಸಬಹುದು. ಮಕ್ಕಳ ಸಹಾಯವಾಣಿ 1098 ಇರುವುದೂ ಇಂಥದ್ದಕ್ಕೇ.

ಜಮಾಅತ್‌ಗಳು ಮಾಡಬಹುದಾದದ್ದು

ಮಗನನ್ನು ದೂರದ ಊರಿಗೆ ಕಳಿಸುವುದರ ಹಿಂದೆ ಕಾಯಿಲೆಯಷ್ಟೇ ನಾಚಿಕೆಯೂ ಕೆಲಸ ಮಾಡುತ್ತದೆ. ತಂಗಿಯ ಸಂಬಂಧ ಮುರಿಯುತ್ತದೆ, ಪಳ್ಳಿಯಲ್ಲಿ ತಲೆ ಎತ್ತುವ ಹಾಗಿಲ್ಲ ಎನ್ನುವ ಭಯ. ಹಾಗಾಗಿ ಬೆಂಗಳೂರು ಎಂದರೆ ಚಿಕಿತ್ಸೆಯ ಊರಿಗಿಂತ ಮೊದಲು ಅಡಗಿಸಿಡುವ ಊರಾಗಿದೆ. ಈ ನಾಚಿಕೆ ಹೋಗದೆ ಯಾವ ಕಾಯ್ದೆಯೂ ಕೆಲಸ ಮಾಡುವುದಿಲ್ಲ. ಅದನ್ನು ತೆಗೆಯುವ ಶಕ್ತಿ ಖತೀಬರ ಒಂದು ಜುಮಾ ಮಾತಿಗಿದೆ. ನಮ್ಮ ನೆಬಿ ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದವರು. ಹನ್ನೊಂದು ಶತಮಾನಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಒಟ್ಟಿಗೆ ಸೇರಿಸಿ ಗ್ರಂಥ ಬರೆದಿದ್ದರು. ನೂಲು ಕಟ್ಟಿಸಿ, ನೀರು ಮಂತ್ರಿಸಿ ವರ್ಷ ಕಳೆಯುವುದು ಆ ಪರಂಪರೆಯಲ್ಲ. ಉಸ್ತಾದರು ದುಆ ಮಾಡಲಿ, ಜೊತೆಗೆ "ಡಾಕ್ಟರಿಗೆ ತೋರಿಸಿದಿರಾ?" ಎಂದೂ ಕೇಳಲಿ.

ಇನ್ನು ಹಣದ ವಿಷಯ. ಮದುವೆಗೆ, ಮನೆ ಕಟ್ಟಲು, ಡಯಾಲಿಸಿಸ್‌ಗೆ ನೆರವು ಕೊಡುವ ಸಂಘಟನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ಬೆಂಗಳೂರಿಗೆ ಮಗುವಿನ ಜೊತೆ ಬರುವ ಉಮ್ಮನಿಗೆ ಅಥವಾ ಮಾಮನಿಗೆ ಕೆಲವು ವಾರದ ಕೋಣೆ, ಊಟ, ಮನೆಯಲ್ಲಿ ಉಳಿದ ಮಕ್ಕಳ ಖರ್ಚು ಕೊಡಲಿ. ಹೆಸರು ಗುಟ್ಟಾಗಿರಲಿ. ಬೆಂಗಳೂರಿನಲ್ಲಿರುವ ನಾವು ಕೇಂದ್ರದ ವಿಳಾಸ ಕೊಟ್ಟು ಕೈ ತೊಳೆದುಕೊಳ್ಳುವ ಬದಲು ಜೊತೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳೋಣ. ನೋಂದಣಿ ಪತ್ರ ತೋರಿಸುತ್ತೀರಾ? ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ? ಹದಿನೆಂಟರ ಒಳಗಿನವರಿಗೆ ಬೇರೆ ಜಾಗ ಇದೆಯೇ? ಮನೆಯವರು ಎಲ್ಲಿ ಉಳಿಯಬೇಕು? ನಾಲ್ಕನೆಯ ಪ್ರಶ್ನೆಗೆ ನಗು ಬಂದರೆ, ಅಲ್ಲಿಂದ ಎದ್ದು ಬರುವುದು.

ಆ ಹುಡುಗನ ವಿಷಯ. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದ. ಹತ್ತು ದಿನ ಮಾಮ, ಉಳಿದ ದಿನ ಉಮ್ಮ. ತಂದೆ ರಜೆ ಹಾಕಿ ಕೊನೆಯ ವಾರಕ್ಕೆ ಬಂದಿದ್ದರು, ಮೊದಲ ಎರಡು ದಿನ ಅಪ್ಪ ಮಗ ಮಾತೇ ಆಡಲಿಲ್ಲವಂತೆ. ಊರಿಗೆ ಹೋದ ಮೇಲೆ ಒಮ್ಮೆ ಮತ್ತೆ ಎಡವಿದ, ಎರಡೇ ದಿನದಲ್ಲಿ ಆಸ್ಪತ್ರೆಗೆ ಫೋನ್ ಮಾಡಿದರು. ಈಗ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾನೆ. ಪೂರ್ತಿ ವಾಸಿಯಾಗಿದೆ ಎಂದು ಯಾರೂ ಹೇಳುತ್ತಿಲ್ಲ. ಮೊನ್ನೆ ಬಂದಾಗ ಉಮ್ಮನನ್ನು ಕೇಳಿದೆ, ಈಗಲೂ ಲೈಟ್ ಹಾಕಿಯೇ ಮಲಗುತ್ತಾನಾ ಎಂದು. "ಹೌದು, ಈಗ ಯಾಕೆ ಅಂತ ನಮಗೆ ಗೊತ್ತುಂಟು" ಎಂದರು.